ಹದಿನಾಲ್ಕು ದಿನ, ಆಮೇಲಿನ ಒಂದು ವರ್ಷ: ತದಡಿ ಕಡೆಯ ಒಂದು ಮನೆಯ ಪ್ರಕರಣ

ಮಿದುಳಿನ ರಕ್ತನಾಳ ಒಡೆದು ಆಸ್ಪತ್ರೆ ಸೇರಿದ ಒಬ್ಬ ಹೆಂಗಸು, ಆಕೆಯ ಹಿಂದೆ ದಿಕ್ಕು ತೋಚದೆ ನಿಂತ ಒಂದು ಮನೆ. ಈ ಬರಹ ಆ ಮನೆಯ ಬಗ್ಗೆ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಅವರ ಕೇರಿಯಲ್ಲೇ ಇದ್ದೇನೆ. ಚಿಕಿತ್ಸೆ ಮಾಡಿದವಳಲ್ಲ, ಹೊರಗಿನ ಬೆಂಚಿನ ಮೇಲೆ ಕೂತವರ ಜೊತೆ ಇದ್ದವಳು. ಮನೆಯವರು ಒಪ್ಪಿದ ಮೇಲೆಯೇ ಬರೆದಿದ್ದೇನೆ. ಹೆಸರು ಬೇಡ ಅಂದರು, ಹಾಗಾಗಿ ಯಾರ ಹೆಸರೂ ಇಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಕಷ್ಟ ಅಂದರೆ ಜನ ಓಡಿ ಬರುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರುವುದೆಲ್ಲ ಮೊದಲ ವಾರ. ಈ ಕಾಯಿಲೆಯಲ್ಲಿ ಮನೆಯವರಿಗೆ ಕೈ ಬೇಕಾಗುವುದು ಎರಡನೇ ತಿಂಗಳಿಂದ. ಈ ಪ್ರಕರಣದಲ್ಲಿ ನಾವು ಮಾಡಿದ್ದು ಮುಖ್ಯವಾಗಿ ಅದೊಂದೇ: ಬಂದ ಸಹಾಯವನ್ನು ಸ್ವಲ್ಪ ತಡೆದು ಹಿಡಿದು, ಆಮೇಲಿಗೆ ಇಟ್ಟುಕೊಂಡದ್ದು.

ಮನೆಯವರು

ಆಕೆಗೆ 49. ಮೀನು ಮಾರುವವಳು. ಉತ್ತರ ಕನ್ನಡದ ತದಡಿ ಬಂದರಿನಲ್ಲಿ ಮೀನು ಕೊಂಡು ಕುಮಟಾ ಪೇಟೆಗೆ ಒಯ್ಯುತ್ತಿದ್ದಳು. ಗಂಡ ಟ್ರಾಲ್ ಬೋಟಿನಲ್ಲಿ, ಹೋದರೆ ವಾರಗಟ್ಟಲೆ ಬರುವುದಿಲ್ಲ. ಮಗ 23, ಗೋಕರ್ಣದ ಒಂದು ಹೋಂಸ್ಟೇಯಲ್ಲಿ ಕೆಲಸ. ಮಗಳು ಎರಡನೇ ಪಿಯುಸಿ. ಅತ್ತೆ, ಅಂದರೆ ಮಕ್ಕಳ ಅಜ್ಜಿ, ಇದ್ದಾರೆ. ಪಕ್ಕದ ಮನೆಯಲ್ಲಿ ಮೈದುನ. ಅಂಕೋಲಾದಲ್ಲಿ ತಂಗಿ, ಅವಳದ್ದೂ ಮೀನಿನ ವ್ಯಾಪಾರವೇ.

ಆಕೆಗೆ ಬಿಪಿ ಇತ್ತು. ಮಾತ್ರೆ ಬರೆದುಕೊಟ್ಟಿದ್ದರು. "ತಲೆನೋವೇ ಇಲ್ಲ, ಸುಮ್ನೆ ಯಾಕೆ ಮಾತ್ರೆ?" ಅಂತ ಆಗಾಗ ಬಿಡುತ್ತಿದ್ದಳು. ಇದನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ಆ ಬೆಳಿಗ್ಗೆ

ನವೆಂಬರ್ ತಿಂಗಳು, ಬೆಳಕು ಹರಿದಿತ್ತಷ್ಟೆ. ಹಿತ್ತಲಲ್ಲಿ ಬುಟ್ಟಿ ತೊಳೆಯುತ್ತಿದ್ದವಳು ಎರಡೂ ಕೈಯಲ್ಲಿ ತಲೆ ಹಿಡಿದು ಕೂತಳು. "ತಲೆ ಒಡೆದೋಯ್ತು" ಅಂದಳಂತೆ. ವಾಂತಿ ಆಯಿತು, ಹಾಗೇ ವಾಲಿದಳು. ಮಗಳು ಓಡಿ ಬಂದು ನನ್ನನ್ನು ಕರೆದಳು: "ಸಿಸ್ಟರಕ್ಕ, ಆಯಿ ಕಣ್ಣೇ ಬಿಡೂದಿಲ್ಲ."

ನಾನು ಹೋಗುವಷ್ಟರಲ್ಲಿ ಅಂಗಳ ತುಂಬಿತ್ತು. ಒಬ್ಬರು ಬಾಯಿಗೆ ನೀರು ಬಿಡಲು ನೋಡುತ್ತಿದ್ದರು. ಇನ್ನೊಬ್ಬರ ಕೈಯಲ್ಲಿ ಹೊಲಿಗೆ ಸೂಜಿ. ಬೆರಳ ತುದಿ ಚುಚ್ಚಿ ರಕ್ತ ತೆಗೆದರೆ ಲಕ್ವ ತಪ್ಪುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತದಲ್ಲ, ಅದು. ಶುದ್ಧ ಸುಳ್ಳು. ಮತ್ತೊಬ್ಬರು ಹೃದಯಾಘಾತ ಇರಬಹುದು, ಆಸ್ಪಿರಿನ್ ಕೊಡುವಾ ಅಂದರು. ಇದು ಸುಳ್ಳಿಗಿಂತ ಅಪಾಯ. ತಲೆಯೊಳಗೆ ರಕ್ತ ಸೋರುತ್ತಿರುವಾಗ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟ ಹಾಗಾಗುತ್ತದೆ. ಸೂಜಿ, ನೀರು, ಮಾತ್ರೆ ಎಲ್ಲ ಬದಿಗಿಡಿಸಿ ಆಕೆಯನ್ನು ಮಗ್ಗುಲಾಗಿ ಮಲಗಿಸಿದೆವು, 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬರುವ ಹೊತ್ತಿಗೆ ಕಣ್ಣು ಬಿಟ್ಟಿದ್ದಳು. ಕುತ್ತಿಗೆ ಬಗ್ಗಿಸಲು ಆಗುತ್ತಿರಲಿಲ್ಲ, ಬೆಳಕು ಬೇಡ ಅನ್ನುತ್ತಿದ್ದಳು.

ಒಂದೇ ನಿಮಿಷದೊಳಗೆ ತುತ್ತತುದಿಗೆ ಏರುವ, ಹುಟ್ಟಿದಾಗಿನಿಂದ ಕಂಡಿರದಂಥ ತಲೆನೋವು. ಈ ಕಾಯಿಲೆಯ ಗುರುತು ಅದು. ಜೊತೆಗೆ ವಾಂತಿ, ಕುತ್ತಿಗೆ ಬಿಗಿ, ಎಚ್ಚರ ತಪ್ಪುವುದು, ಕೆಲವರಿಗೆ ಒಂದು ಕಣ್ಣಿನ ರೆಪ್ಪೆ ಜೋತು ಬೀಳುವುದು. ಕಣ್ಣು ಬಿಟ್ಟರಲ್ಲ, ಸರಿಹೋಯ್ತು ಅಂತ ಮನೆಯಲ್ಲೇ ಇಟ್ಟುಕೊಳ್ಳುವ ಹಾಗಿಲ್ಲ.

ಕುಮಟಾದಲ್ಲಿ ಸಿಟಿ ಸ್ಕ್ಯಾನ್ ಮಾಡಿದರು. ಮಿದುಳಿನ ಸುತ್ತ ರಕ್ತ ಹರಡಿತ್ತು. ಮುಂದೆ ಎಲ್ಲಿಗೆ? ಇಂಥ ಆಪರೇಷನ್ನಿಗೆ ನಾವು ಒಂದೋ ಉತ್ತರಕ್ಕೆ ಗೋವಾ, ಇಲ್ಲ ಘಟ್ಟ ಹತ್ತಿ ಹುಬ್ಬಳ್ಳಿ, ಇಲ್ಲ ದಕ್ಷಿಣಕ್ಕೆ ಉಡುಪಿ-ಮಣಿಪಾಲ-ಮಂಗಳೂರು ಕಡೆ ಹೋಗಬೇಕು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತ ಮೇಲೆ ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎದ್ದ ಕೂಗು ಎಲ್ಲರಿಗೂ ನೆನಪಿದೆ. ಆ ಕೂಗು ಯಾಕೆ ಎದ್ದಿತು ಅಂತ ತಿಳಿಯಬೇಕಾದರೆ ಇಂಥದ್ದೊಂದು ಬೆಳಿಗ್ಗೆ ನೋಡಬೇಕು.

ಮೈದುನ "ಅಣ್ಣ ಬರ್ಲಿ, ಅವನ್ನ ಕೇಳದೆ ಹೇಗೆ?" ಅಂದ. ಅಣ್ಣ ಸಮುದ್ರದಲ್ಲಿದ್ದ. ಬೋಟ್ ಮಾಲೀಕರು ವೈರ್‌ಲೆಸ್‌ನಲ್ಲಿ ಕರೆಯುತ್ತಿದ್ದರು. ಒಮ್ಮೆ ಒಡೆದ ರಕ್ತನಾಳದ ಉಬ್ಬು ಮತ್ತೆ ಒಡೆಯುವ ಭಯ ಜಾಸ್ತಿ ಇರುವುದು ಮೊದಲ 24 ಗಂಟೆಯಲ್ಲಿ. ಮತ್ತೆ ಒಡೆದರೆ ಉಳಿಯುವುದು ಬಹಳ ಕಷ್ಟ. ಇಷ್ಟನ್ನೇ ಹೇಳಿದೆ. ಮೈದುನ ಮತ್ತೆ ಮಾತಾಡಲಿಲ್ಲ. ದಕ್ಷಿಣಕ್ಕೆ ಹೊರಟೆವು, ಸುಮಾರು 150 ಕಿಲೋಮೀಟರ್. ಹಿಂದೆ ಟೆಂಪೋ ಕಟ್ಟಿಕೊಂಡು ಬರಲು ಹನ್ನೆರಡು ಜನ ತಯಾರಿದ್ದರು. ಮಗ, ತಂಗಿ, ನಾನು, ಇಷ್ಟೇ ಜನ ಸಾಕು ಅಂತ ಗಟ್ಟಿಯಾಗಿ ಹೇಳಬೇಕಾಯಿತು. ಉಳಿದವರಿಗೆ ಬೇಸರವಾಯಿತು. ಆಗಲಿ.

ಬೆಂಚು ಮತ್ತು ನೋಟ್‌ಬುಕ್ಕು

ದೊಡ್ಡ ಆಸ್ಪತ್ರೆಯಲ್ಲಿ ರಕ್ತನಾಳದ ಚಿತ್ರ ತೆಗೆದಾಗ ಮಿದುಳಿನ ಮುಂಭಾಗದ ಎರಡು ನಾಳಗಳನ್ನು ಸೇರಿಸುವ ಸಣ್ಣ ನಾಳದಲ್ಲಿ ಉಬ್ಬು ಕಂಡಿತು. ಡಾಕ್ಟರು ಅನ್ಯೂರಿಸಂ ಅಂದರು. ಮಗ ನನ್ನ ಮುಖ ನೋಡಿದ. ಹಳೇ ಸೈಕಲ್ ಟ್ಯೂಬಿನಲ್ಲಿ ಒಂದು ಕಡೆ ತೆಳುವಾಗಿ ಗುಳ್ಳೆ ಏಳುತ್ತದಲ್ಲ, ಹಾಗೆ ಅಂದೆ. ನೂರು ಜನ ದೊಡ್ಡವರಲ್ಲಿ ಸುಮಾರು ಮೂವರಿಗೆ ಇಂಥ ಉಬ್ಬು ಇರುತ್ತದೆ. ಹೆಚ್ಚಿನವರಿಗೆ ಅದು ಜೀವಮಾನವಿಡೀ ಒಡೆಯುವುದೇ ಇಲ್ಲ, ಇದೆ ಅಂತಲೂ ಗೊತ್ತಾಗುವುದಿಲ್ಲ.

ದಾರಿ ಎರಡಿತ್ತು. ತೊಡೆಸಂದಿಯ ನಾಳದಿಂದ ತೆಳು ಕೊಳವೆ ಏರಿಸಿ ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುವುದು ಒಂದು. ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕುವುದು ಇನ್ನೊಂದು. ಉಬ್ಬಿನ ಆಕಾರ, ಜಾಗ ನೋಡಿ ಇವರಿಗೆ ಕ್ಲಿಪ್ ಸರಿ ಅಂದರು. ಮಗ ಸಹಿ ಹಾಕಿದ. 23ರ ಹುಡುಗ, ಕೈ ನಡುಗಿ ಅಕ್ಷರ ಸೊಟ್ಟ. ಅಪ್ಪ ಬಂದು ತಲುಪಿದ್ದು ಮರುದಿನ ಮಧ್ಯಾಹ್ನ, ಬೋಟಿನ ಬಟ್ಟೆಯಲ್ಲೇ.

"ಬದುಕ್ತಾಳಾ?" ಅಂತ ಆತ ನನ್ನನ್ನು ಕೇಳಿದ. ಇಲ್ಲಿ ಸುಳ್ಳು ಹೇಳಬಾರದು, ಹೆದರಿಸಲೂಬಾರದು. ಒಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಉಳಿಯುವುದಿಲ್ಲ. ಕೆಲವರು ಆಸ್ಪತ್ರೆಯನ್ನೇ ಮುಟ್ಟುವುದಿಲ್ಲ. "ಇವಳು ಮುಟ್ಟಿದ್ದಾಳೆ, ಮಾತಾಡುತ್ತಾ ಮುಟ್ಟಿದ್ದಾಳೆ, ಅದು ಒಳ್ಳೇದು. ಹದಿನಾಲ್ಕು ದಿನ ಕಳೆಯುವ ತನಕ ಯಾರೂ ಏನೂ ಹೇಳೋಕಾಗಲ್ಲ" ಅಂದೆ. ಆತ ತಲೆ ಆಡಿಸಿದ. ಸಂಖ್ಯೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ನೂರು ಪುಟದ ನೋಟ್‌ಬುಕ್ ತರಿಸಿದ್ದು ಆ ಸಂಜೆ. ಡಾಕ್ಟರ ಜೊತೆ ಮಾತಾಡುವವಳು ತಂಗಿ ಒಬ್ಬಳೇ ಅಂತ ನಿಶ್ಚಯ ಮಾಡಿದೆವು. ಗಟ್ಟಿಗಿತ್ತಿ, ಅರ್ಥವಾಗದಿದ್ದರೆ ಮೂರು ಸಲ ಕೇಳುವವಳು. ಡಾಕ್ಟರು ಹೇಳಿದ್ದನ್ನು ಅವರು ಹೇಳಿದ ಮಾತಿನಲ್ಲೇ ಬರೆಯಬೇಕು. ಪುಟದ ಕೆಳಗೆ ನಾಳೆ ಕೇಳಬೇಕಾದ್ದು. ಎಡಗಡೆ ಪುಟದಲ್ಲಿ ದುಡ್ಡು. ಒಂದು ಪುಟ ಹೀಗಿತ್ತು: "ಜ್ವರ ಸ್ವಲ್ಪ. ಸೋಡಿಯಂ ಕಡಿಮೆ. ಕೈ ಹಿಸುಕು ಅಂದ್ರೆ ಹಿಸುಕಿದಳು. ನಾಳೆ: ನಳಿಗೆ ಯಾವಾಗ ತೆಗೀತಾರೆ? ನಿದ್ದೆ ಜಾಸ್ತಿ ಯಾಕೆ?" ರಾತ್ರಿ ಏಳಕ್ಕೆ ಮಗ ಆ ಪುಟ ನೋಡಿಕೊಂಡು ಊರಿನ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕುತ್ತಿದ್ದ. ಉಳಿದಂತೆ ಯಾರ ಫೋನಿಗೂ ಉತ್ತರವಿಲ್ಲ.

ಮೈದುನನಿಗೆ ಇದು ಹಿಡಿಸಲಿಲ್ಲ. ಗಂಡಸರಿರುವಾಗ ಹೆಂಗಸು ಡಾಕ್ಟರ ಹತ್ತಿರ ಮಾತಾಡುವುದೇನು ಅನ್ನುವುದು ಅವನ ಮುಖದಲ್ಲಿತ್ತು. ಅವನಿಗೆ ದುಡ್ಡಿನ ಕೆಲಸ ಕೊಟ್ಟೆವು. ಅದು ಸಣ್ಣ ಕೆಲಸ ಅಲ್ಲ. ಬಿಪಿಎಲ್ ಕಾರ್ಡಿನ ಮನೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ತುರ್ತು ಪ್ರಕರಣವಾದ್ದರಿಂದ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರಕ್ಕೆ ಕಾಯಬೇಕಾಗಲಿಲ್ಲ. ಆದರೆ ರೇಷನ್ ಕಾರ್ಡ್, ಆಧಾರ್ ಮನೆಯ ಟ್ರಂಕಿನಲ್ಲಿ. ಮೊದಲು ಫೋಟೋ ತರಿಸಿ, ಮರುದಿನ ಮೂಲ ಕಾಗದವನ್ನು ರೈಲಿನಲ್ಲಿ ತಂದುಕೊಟ್ಟವನು ಮೈದುನನೇ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಮೇಜಿನ ಮುಂದೆ ಅವನು ಕೂತಷ್ಟು ಬೇರೆ ಯಾರೂ ಕೂರಲಿಲ್ಲ.

ಏಳನೇ ದಿನ

ಆಪರೇಷನ್ ಸಲೀಸಾಗಿ ಆಗಿತ್ತು. ಹೊರಗೆ ಕೈಮುಗಿದು ಅತ್ತವರೆಷ್ಟೋ. ಊರಿನ ಗುಂಪಿನಲ್ಲಿ ಹೂವಿನ ಚಿತ್ರಗಳು ಬರತೊಡಗಿದವು. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಸಿದ್ದೆ: 14 ದಿನ ಆಗುವ ತನಕ "ಹುಷಾರಾದ್ರು" ಅನ್ನಬಾರದು. ತಂಗಿ ಅದನ್ನು ಮಗನಿಗೆ ತೋರಿಸಿ, ಮೆಸೇಜಿನಲ್ಲಿ "ಆಪರೇಷನ್ ಆಯ್ತು, ಐಸಿಯುದಲ್ಲಿ ಇದ್ದಾರೆ" ಅಂತ ಅಷ್ಟೇ ಹೇಳಿಸಿದಳು.

ಯಾಕೆ ಅಂದರೆ, ಒಡೆದು ಸೋರಿದ ರಕ್ತ ಮಿದುಳಿನ ಸುತ್ತ ಇರುತ್ತದೆ. ಅದು ಕರಗುವಾಗ ಅಲ್ಲಿನ ನಾಳಗಳು ಬಿಗಿದುಕೊಳ್ಳುತ್ತವೆ. ಮೂರು-ನಾಲ್ಕನೇ ದಿನ ಶುರುವಾಗಿ ಎರಡು ವಾರದವರೆಗೂ ಈ ಕಾಟ ಇರಬಹುದು. ಏಳರಿಂದ ಹತ್ತನೇ ದಿನದ ಸುಮಾರಿಗೆ ಜಾಸ್ತಿ. ಮಿದುಳಿಗೆ ರಕ್ತ ಸಾಲದೆ ಹೋಗುತ್ತದೆ. ಇದನ್ನು ಕಡಿಮೆ ಮಾಡಲೆಂದೇ ನಿಮೋಡಿಪಿನ್ ಮಾತ್ರೆ ಕೊಡುವುದು, ಸಾಮಾನ್ಯವಾಗಿ 60 ಮಿಲಿಗ್ರಾಂ, 4 ಗಂಟೆಗೊಮ್ಮೆ, 21 ದಿನ.

ಏಳನೇ ದಿನ ಬೆಳಿಗ್ಗೆ ಆಕೆ ಮಾತು ನಿಲ್ಲಿಸಿದಳು. ಕರೆದರೆ ಕಣ್ಣು ಬಿಟ್ಟು ನೋಡುವುದು, ಮತ್ತೆ ಮುಚ್ಚುವುದು. ಬಲಗಾಲು ಎಳೆದುಕೊಳ್ಳಲಿಲ್ಲ. ಮೈದುನ ಆಪರೇಷನ್ ಹಾಳು ಮಾಡಿದ್ದಾರೆ, ಮುಂಬೈಗೆ ಒಯ್ಯುವಾ ಅಂತ ಕೂಗಾಡಿದ. ಊರಿಂದ ಯಾರೋ ಫೋನಿನಲ್ಲಿ ಬೇರೊಬ್ಬ ಡಾಕ್ಟರ ನಂಬರ್ ಕೊಟ್ಟರು. ಗಂಡ ಸುಮ್ಮನೆ ಗೋಡೆಗೆ ಒರಗಿ ಕೂತ. ತಂಗಿ ನೋಟ್‌ಬುಕ್ ತೆಗೆದು ಮೂರನೇ ಪುಟ ಓದಿದಳು. ಆಪರೇಷನ್ ಮುಗಿದ ದಿನವೇ ಡಾಕ್ಟರು ಹೇಳಿದ್ದು ಅಲ್ಲಿತ್ತು: "ಒಂದು ವಾರದ ಹೊತ್ತಿಗೆ ಮಂಕಾಗಬಹುದು, ಕೈಕಾಲು ಬಲ ಹೋಗಬಹುದು, ನಾಳ ಬಿಗಿಯುವುದರಿಂದ." ತಾರೀಕು ಸಮೇತ. ಮೈದುನ ನೋಟ್‌ಬುಕ್ ಕಸಿದುಕೊಂಡು ತಾನೇ ಇನ್ನೊಮ್ಮೆ ಓದಿದ. ಆಮೇಲೆ ಮುಂಬೈ ಮಾತು ಬರಲಿಲ್ಲ.

ರಕ್ತದೊತ್ತಡ ಬೇಕೆಂದೇ ಏರಿಸಿದರು, ನಾಳದೊಳಗೇ ಔಷಧ ಬಿಟ್ಟರು. ಹನ್ನೆರಡನೇ ದಿನದ ಹೊತ್ತಿಗೆ "ನೀರು" ಅಂದಳು.

ತಪ್ಪು ಯಾರದ್ದು

ಇದನ್ನು ಬೇರೆಯಾಗಿ ಬರೆಯಲೇಬೇಕು, ಯಾಕೆಂದರೆ ಮನೆ ಒಳಗಿಂದೊಳಗೇ ಸುಟ್ಟಿದ್ದು ಇಲ್ಲಿ. ಹತ್ತು ದಿನ ಮೊದಲು ಆಕೆಗೆ ಇಂಥದ್ದೇ ಜೋರು ತಲೆನೋವು ಒಮ್ಮೆ ಬಂದು ಹೋಗಿತ್ತು. ಮಗ ಅಂಗಡಿಯಿಂದ ಮಾತ್ರೆ ತಂದುಕೊಟ್ಟಿದ್ದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಒಂದು ರಾತ್ರಿ ಆಸ್ಪತ್ರೆಯ ಹೊರಗೆ ಚಹಾ ಕುಡಿಯುವಾಗ ನನಗೆ ಹೇಳಿದ. ಗಂಡನಿಗೆ ತಾನು ಇರಲಿಲ್ಲ ಅನ್ನುವುದು. ಅಜ್ಜಿಗೆ ತಾನು ಆ ದಿನ ಬೇಗ ಎಬ್ಬಿಸಿದೆ ಅನ್ನುವುದು. ಒಬ್ಬೊಬ್ಬರ ಹೊಟ್ಟೆಯಲ್ಲೂ ಒಂದೊಂದು ಕೆಂಡ.

ಮಗನಿಗೆ ಹೇಳಿದ್ದು ಇಷ್ಟು: ಕೆಲವರಿಗೆ ದೊಡ್ಡದಾಗಿ ಒಡೆಯುವ ಮೊದಲು ಸಣ್ಣಗೆ ಸೋರಿ ಹೀಗೆ ಎಚ್ಚರಿಕೆಯ ನೋವು ಬರುವುದುಂಟು. ಅದೇ ಇತ್ತಾ ಅಂತ ಈಗ ಹೇಳಲಾಗದು. ಡಾಕ್ಟರ ಹತ್ತಿರ ಹೋದವರಿಗೂ ಎಷ್ಟೋ ಸಲ ಮೈಗ್ರೇನ್ ಅಂತಲೇ ಮಾತ್ರೆ ಸಿಗುತ್ತದೆ. "ನಿಂದೇನೂ ತಪ್ಪಿಲ್ಲ" ಅಂತ ಬೆನ್ನು ತಟ್ಟಿ ಮುಗಿಸಿದರೆ ಇಂಥವರು ನಂಬುವುದಿಲ್ಲ. ಅವನು ಅಪ್ಪನಿಗೆ ಹೇಳಬೇಕು, ಬೇರೆಯವರ ಬಾಯಿಂದ ಗೊತ್ತಾಗಬಾರದು ಅಂದೆ. ಹೇಳಿದ. ಅಪ್ಪ, "ಆ ದಿನ ನಂಗೂ ಫೋನಲ್ಲಿ ತಲೆನೋವು ಅಂದಿದ್ದಳು" ಅಂದನಂತೆ.

ಮನೆಗೆ ಬಂದ ಮೇಲೆ

ಹದಿನೆಂಟನೇ ದಿನ ಮನೆಗೆ ಕಳಿಸಿದರು. ನಿಮೋಡಿಪಿನ್ ಮಾತ್ರೆ ಇನ್ನೂ ಮೂರು ದಿನ ಇತ್ತು. ಮಗಳು ಫೋನಿನಲ್ಲಿ ಅಲಾರಂ ಇಟ್ಟುಕೊಂಡಳು: ಎರಡು, ಆರು, ಹತ್ತು, ಹಗಲೂ ರಾತ್ರಿಯೂ. ಸ್ಟ್ರಿಪ್ ಒಂದು ದಿನದ್ದು ಕಡಿಮೆ ಬಿತ್ತು. ಮೆಡಿಕಲ್ ಶಾಪಿಗೆ ಹೋದ ಮಗನಿಗೆ ಕೊಟ್ಟದ್ದು ನಿಫೆಡಿಪಿನ್. ಒಂದಕ್ಷರದ ವ್ಯತ್ಯಾಸ, ಬೇರೆಯೇ ಔಷಧ. ಚೀಟಿ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಬೇಕು ಅಂತ ಮೊದಲೇ ಹೇಳಿದ್ದರಿಂದ ಅಂಗಡಿಯಲ್ಲೇ ಸಿಕ್ಕಿಬಿತ್ತು.

ಅಜ್ಜಿ ಸೊಸೆಯ ತಲೆ ನೋಡಿದ್ದು ಅವತ್ತೇ. ಅರ್ಧ ಬೋಳಿಸಿದ ತಲೆ, ಹೊಲಿಗೆಯ ಗುರುತು. "ಗಂಡ ಇದ್ದವಳ ತಲೆ ಹೀಗೆ ಮಾಡೂದಾ" ಅಂತ ಗೊಳೋ ಅಂತ ಅತ್ತರು. ಬದುಕಿ ಬಂದಳಲ್ಲ ಅಂತ ಅಜ್ಜಿಗೆ ಬುದ್ಧಿ ಹೇಳಲು ನಾಲ್ಕು ಜನ ಹೊರಟರು. ತಂಗಿ ಮಾತೇ ಆಡಲಿಲ್ಲ. ಕೂದಲು ಉಳಿದ ಕಡೆ ಅಬ್ಬಲಿ ದಂಡೆ ಮುಡಿಸಿ, ಸೆರಗು ಎಳೆದು ತಲೆ ಮುಚ್ಚಿ, ಅಜ್ಜಿಯ ಮುಂದೆ ಕೂರಿಸಿದಳು.

ನೋಡಲು ಬಂದವರ ಕಥೆ ಬೇರೆ. ಬಂದವರೆಲ್ಲ ಕೇಳುವುದು ಒಂದೇ: "ನಾನ್ಯಾರು ಗೊತ್ತಾಯ್ತಾ?" ಪ್ರೀತಿಯಿಂದಲೇ. ಆಕೆಗೆ ಕೆಲವರು ಗೊತ್ತಾಗುತ್ತಿದ್ದರು, ಕೆಲವರು ಇಲ್ಲ. ಇಲ್ಲದಾಗ ಬೆವರುತ್ತಿದ್ದಳು. ಒಮ್ಮೆಗೆ ಇಬ್ಬರು, ಹತ್ತು ನಿಮಿಷ, ಬಂದವರೇ ತಮ್ಮ ಹೆಸರು ಹೇಳಬೇಕು. ಬಾಗಿಲಲ್ಲಿ ಅಜ್ಜಿಯನ್ನೇ ಕೂರಿಸಿದೆವು. ಅಜ್ಜಿ ಎದುರು ಯಾರೂ ಗಲಾಟೆ ಮಾಡುವಂತಿಲ್ಲ.

ಒಂದು ತಿಂಗಳಿಗೆ ಬರುವವರು ನಿಂತರು. ಆಕೆ ನಡೆಯುತ್ತಿದ್ದಳು, ಮುಖ ತುಂಬಿಕೊಂಡಿತ್ತು. "ಎಲ್ಲ ಸರಿ ಆಯ್ತಲ್ಲ" ಅಂದರು ಎಲ್ಲರೂ. ಮನೆಯೊಳಗೆ ಅಸಲು ಕಷ್ಟ ಶುರುವಾದದ್ದು ಆಗಲೇ. ಆಕೆಯ ಉಬ್ಬು ಇದ್ದ ಜಾಗಕ್ಕೂ ನೆನಪಿಗೂ, ಸ್ವಭಾವಕ್ಕೂ ನಂಟಿದೆ. ಹಳೆಯದೆಲ್ಲ ನೆನಪು, ಬೆಳಗಿನದ್ದು ಮರೆವು. ಸಾರಿಗೆ ಎರಡು ಸಲ ಉಪ್ಪು. "ನಿನ್ನೆ ಪೇಟೆಗೆ ಹೋಗಿದ್ದೆ, ಬಂಗಡೆ ಎಲ್ಲ ಖರ್ಚಾಯ್ತು" ಅಂತ ಹೋಗದಿದ್ದ ಪೇಟೆಯ ವ್ಯಾಪಾರ ಹೇಳುವುದು. ಮಿಕ್ಸಿ ಸದ್ದಿಗೆ ಸಿಟ್ಟು. ಎರಡು ಪಾತ್ರೆ ತೊಳೆದರೆ ಮಲಗಿಬಿಡುವುದು. ಗಂಡ ಒಮ್ಮೆ "ಸೋಮಾರಿ ಆಗಿದ್ದಾಳೆ, ಸುಳ್ಳು ಬೇರೆ" ಅಂದ.

ಮಿದುಳು ನೆನಪಿನ ಖಾಲಿ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಆಕೆಗೆ ಅದು ಸುಳ್ಳು ಅಂತಲೇ ಗೊತ್ತಿರುವುದಿಲ್ಲ. ವಾದ ಮಾಡಬಾರದು, ಹೂಂ ಅನ್ನಲೂಬಾರದು, "ಇವತ್ತು ಬುಧವಾರ, ನಿನ್ನೆ ನೀನು ಮನೇಲಿದ್ದೆ, ನಾನೂ ಇದ್ದೆ" ಅಂತ ಮೆತ್ತಗೆ ಹೇಳಿ ಬಿಟ್ಟುಬಿಡಬೇಕು. ಸುಸ್ತೂ ಹಾಗೆಯೇ, ಕಾಯಿಲೆಯ ಭಾಗ. ತಿಂಗಳುಗಟ್ಟಲೆ ಇರುತ್ತದೆ. ಇದನ್ನು ಗಂಡನಿಗೆ ಒಂದು ಸಲ ಹೇಳಿದರೆ ಸಾಕಾಗಲಿಲ್ಲ.

ತಲೆಗೆ ಗಾಳಿ ಸೋಕಿದೆ, ನೋಟ ಕೇಳಿಸಬೇಕು, ಅಂದರೆ ದೇವರ ಹತ್ತಿರ ಕೇಳಿಸಬೇಕು ಅಂತ ಮಾತು ಬಂತು. ನಾನು ಅಡ್ಡ ಬರಲಿಲ್ಲ. ಆಕೆಗೆ ಉಪವಾಸ ಬೇಡ, ಡೋಲಿನ ಸದ್ದಿನ ಮುಂದೆ ಕೂರಿಸಬೇಡಿ, ಮಾತ್ರೆ ಒಂದು ಹೊತ್ತೂ ಬಿಡಬೇಡಿ ಅಂದೆ. ಅಜ್ಜಿ ಹೋಗಿ ಹರಕೆ ಹೇಳಿಕೊಂಡು ಬಂದರು. ಮಾತ್ರೆ ತಪ್ಪಲಿಲ್ಲ. ನನಗೆ ಬೇಕಾದ್ದು ಅಷ್ಟೇ.

ತಡೆದು ಹಿಡಿದ ಸಹಾಯ ತೆಗೆದದ್ದು ಈಗ. ಆಸ್ಪತ್ರೆಗೆ ಬರಲಾಗದೆ ಮುನಿಸಿಕೊಂಡ ಹನ್ನೆರಡು ಜನ ಇದ್ದರಲ್ಲ, ಅವರಿಗೆ ಆಗಲೇ "ಆಮೇಲೆ ಕರೀತೇನೆ" ಅಂದಿದ್ದೆ. ಕರೆದೆ. "ಏನಾದ್ರೂ ಬೇಕಿದ್ರೆ ಹೇಳಿ" ಅನ್ನುವವರ ಹತ್ತಿರ ಯಾರೂ ಏನೂ ಹೇಳುವುದಿಲ್ಲ, ಅದು ನಮಗೆಲ್ಲ ಗೊತ್ತು. ಹಾಗಾಗಿ ಕೆಲಸದ ಹೆಸರು ಹಿಡಿದೇ ಕೇಳಿದೆ. ಒಬ್ಬಳು ಮಂಗಳವಾರ, ಶುಕ್ರವಾರ ಮಧ್ಯಾಹ್ನದ ಅನ್ನ-ಸಾರು. ಒಬ್ಬ ರಿಕ್ಷಾದವನು ಫಿಸಿಯೋಥೆರಪಿಗೆ ಒಯ್ದು ತರುವುದು. ಮಗಳ ಕ್ಲಾಸಿನವಳ ಅಮ್ಮ, ಮಾರ್ಚ್ ಪರೀಕ್ಷೆ ಮುಗಿಯುವ ತನಕ ಹುಡುಗಿ ಸಂಜೆ ತಮ್ಮಲ್ಲೇ ಓದಲಿ ಅಂದರು. ಇಬ್ಬರು ಬರುತ್ತೇನೆ ಅಂದು ಬರಲಿಲ್ಲ. ಹತ್ತು ಜನ ಬಂದರು, ಸಾಕು.

ಮಗಳ ವಿಷಯ ತಡವಾಗಿ ಗೊತ್ತಾಯಿತು. ರಾತ್ರಿ ಎದ್ದು ಆಯಿಯ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತಿದ್ದಳು. ಅಲಾರಂ ನಿಂತು ತಿಂಗಳುಗಳಾದರೂ ಎರಡು ಗಂಟೆಗೆ ಎಚ್ಚರ. ಹಿತ್ತಲಲ್ಲಿ ಆಯಿ ಬಿದ್ದದ್ದನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. 14416ಕ್ಕೆ ಫೋನ್ ಮಾಡಿಸಿದೆ, ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮೊದಲ ಸಲ ಬರೀ ಅತ್ತಳು. ಆಮೇಲೆ ಅವಳೇ ಮಾಡತೊಡಗಿದಳು.

ಅವಳದ್ದೂ ತಂಗಿಯದ್ದೂ ಇನ್ನೊಂದು ಪ್ರಶ್ನೆ: "ನಮಗೂ ಬರ್ತದಾ?" ಹೆಚ್ಚಿನ ಮನೆಗಳಲ್ಲಿ ಇದು ಒಬ್ಬರಿಗೇ ನಿಲ್ಲುತ್ತದೆ. ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಇಬ್ಬರು ಅಥವಾ ಜಾಸ್ತಿ ಜನಕ್ಕೆ ಬಂದಿದ್ದರೆ ಉಳಿದವರಿಗೆ ನಾಳದ ಸ್ಕ್ಯಾನ್ ಮಾಡಿಸಿ ಅನ್ನುತ್ತಾರೆ. ಮೂತ್ರಪಿಂಡದಲ್ಲಿ ನೀರುಗುಳ್ಳೆ ತುಂಬುವ ವಂಶದ ಕಾಯಿಲೆ ಇದ್ದವರಿಗೂ ಡಾಕ್ಟರು ಇದನ್ನು ಯೋಚಿಸುತ್ತಾರೆ. ಇವರಲ್ಲಿ ಎರಡೂ ಇರಲಿಲ್ಲ. ಬಿಪಿ ನೋಡಿಸಿದಾಗ ತಂಗಿಗೆ 160 ಇತ್ತು. ಮಾತ್ರೆ ಶುರುವಾಗಿದೆ. ಬೀಡಿ ಬಿಡಬೇಕು ಅಂತ ಗಂಡನಿಗೂ ಹೇಳಿಯಾಗಿದೆ. ಬಿಟ್ಟಿಲ್ಲ, ಅಂಗಳಕ್ಕೆ ಹೋಗಿ ಸೇದುತ್ತಾನೆ.

ಈಗ

ವರ್ಷ ದಾಟಿದೆ. ಗಂಡ ಟ್ರಾಲ್ ಬೋಟ್ ಬಿಟ್ಟು, ಬೆಳಿಗ್ಗೆ ಹೋಗಿ ಸಂಜೆ ಬರುವ ಸಣ್ಣ ದೋಣಿಗೆ ಸೇರಿದ್ದಾನೆ. ದುಡಿಮೆ ಅರ್ಧಕ್ಕಿಳಿದಿದೆ. ಮಗ ಎರಡು ಸಾಲದ ಕಂತು ಕಟ್ಟುತ್ತಿದ್ದಾನೆ. ಆಸ್ಪತ್ರೆಯ ಬಿಲ್ಲು ಯೋಜನೆಯಲ್ಲಿ ಹೋದರೂ ಓಡಾಟ, ಊಟ, ಹೊರಗಿನ ಔಷಧ, ದುಡಿಮೆ ಇಲ್ಲದ ದಿನಗಳು ಯಾವ ಯೋಜನೆಯಲ್ಲೂ ಬರುವುದಿಲ್ಲ. ಮಗಳು ಪಾಸಾಗಿ ಕಾಲೇಜಿಗೆ ಹೋಗುತ್ತಿದ್ದಾಳೆ. ಕ್ಲಿಪ್ಪಿನ ವಿವರದ ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾರೆ, ಮುಂದೆ ಎಂಆರ್‌ಐ ಮಾಡುವಾಗ ತೋರಿಸಲೇಬೇಕು.

ಆಕೆ ವಾರಕ್ಕೆ ಎರಡು ದಿನ ತಂಗಿಯ ಜೊತೆ ಪೇಟೆಯಲ್ಲಿ ಕೂರುತ್ತಾಳೆ. ಮೀನು ಆರಿಸುವುದು, ಕೊಯ್ಯುವುದು, ಗಿರಾಕಿಯ ಜೊತೆ ಜಗಳ ಎಲ್ಲ ಮೊದಲಿನ ಹಾಗೇ. ಚಿಲ್ಲರೆ ಲೆಕ್ಕ ತಪ್ಪುತ್ತದೆ, ಅದು ತಂಗಿಯ ಪಾಲು. ದಿನಾ ಹೋಗುತ್ತೇನೆ ಅಂತ ಆಕೆಯ ಹಟ, ಬೇಡ ಅಂತ ಗಂಡನದ್ದು. ಮುಂದಿನ ತಿಂಗಳು ತೋರಿಸಲು ಹೋಗುವಾಗ ಡಾಕ್ಟರ ಹತ್ತಿರವೇ ಕೇಳುವುದು ಅಂತ ತೀರ್ಮಾನವಾಗಿದೆ. ನೋಟ್‌ಬುಕ್ಕಿನಲ್ಲಿ ತಂಗಿ ಬರೆದುಕೊಂಡಿದ್ದಾಳೆ: "ದಿನಾ ಪೇಟೆಗೆ ಹೋಗಬಹುದಾ? ಬುಟ್ಟಿ ಹೊರಬಹುದಾ?"